ಜಪಮಾಲೆಯ ಎರಡು ಹತ್ತು

ಕೊರಳು ಬೋಳಾಗಿತ್ತು, ಕೆಂಪು ಕಾರಿನಲ್ಲಿ ಕೂತವನ ಕೊರಳು, ಮಳೆನೀರು ಹೆಲ್ಮೆಟ್ಟಿನ ಅಂಚಿನಿಂದ ನೇರ ಕುತ್ತಿಗೆಗೆ ಇಳಿಯುತ್ತಿತ್ತು, ಅಲ್ಲಿ ಏನೋ ಇರಬೇಕಿತ್ತು, ಏನು — ಎಂದುಕೊಳ್ಳುವಷ್ಟರಲ್ಲಿ ಕಾರು ಓಟದ ತಂಡಗಳು ನಿಲ್ಲುವ ಪಿಟ್ಟಿನ ಗೋಡೆ ದಾಟಿ ಇಳಿಜಾರಿಗೆ ಧುಮುಕಿಯಾಗಿತ್ತು, ಹಿಂದೆ ನೀರಿನ ಬಾಲವೊಂದೇ ಉಳಿಯಿತು, ಗಿಲೇನಳ ಪೆನ್ಸಿಲು ಸುತ್ತುಗಳ ಪಟ್ಟಿಯ ಮೇಲೆ ನಿಂತಲ್ಲೇ ನಿಂತಿತು. ಎಡಕ್ಕೆ ವಾಲಿದ ತಲೆ, ತುಸು ಎತ್ತಿದ ಬಲ ಭುಜ, ಹೋದ ವರ್ಷ ಮುರಿದು ಕೂಡಿದ ಭುಜ, ಅದು ಎಲ್ವಿಯೊ, ಎದುರು ತಂಡದವನು. ಅದು ಎಲ್ವಿಯೊ ಆದರೆ ಒಂಬತ್ತು ಸೆಕೆಂಡು ಹಿಂದೆ ಫೆರ್ನಾಂ ಹೋದ, ತನ್ನ ಗಂಡ, ನೀಲಿ ಕಾರು, ಅದರಲ್ಲಿ ತಪ್ಪಿಲ್ಲ, ಅವನಿಗಿಂತ ಆರು ಸೆಕೆಂಡು ಮೊದಲು ಹಳದಿ ಮಫ್ಲರಿನ ಕೆಂಪು ಕಾರು ಹೋಯಿತಲ್ಲ, ಅದು ಯಾರು. ಎಲ್ವಿಯೊಗೆಂದು ಅವಳೇ ಹೆಣೆದ ಮಫ್ಲರು, ಒಂದು ತುದಿಯಲ್ಲಿ ಹೆಣಿಗೆ ಜಾರಿದ್ದು, ಸಾಸಿವೆ ಬಣ್ಣದ ಉಣ್ಣೆ ಸಾಲದೆ ಹೋಗಿ ಕೊನೆಗೆ ಇನ್ನೊಂದು ಹಳದಿ ಸೇರಿಸಿದ್ದು — ಅದನ್ನು ಕಂಡೊಡನೆ ಅವಳು ಕೂಗಿದ್ದಳು, ಜೆಫ್, ಎರಡು, ಒಂದನ್ನು ಕಿತ್ತು ಎರಡು ಹಾಕು, ಬೇಗ ಹಾಕು, ಎಲ್ವಿಯೊ ಮುಂದೆ ಹೋಗಿಬಿಟ್ಟ. ಹಲಗೆ ಹಿಡಿಯುವ ಹುಡುಗ ಜೆಫ್ ತಗಡಿನ ಅಂಕಿ ಸಿಕ್ಕಿಸಿ, ಅದರ ಕೆಳಗೆ 'ಇನ್ನೂ ವೇಗ' ಎಂಬ ತಗಡನ್ನೂ ಸಿಕ್ಕಿಸಿ, ಎಷ್ಟನೆಯವನೆಂದು ಫೆರ್ನಾಂಗೆ ತೋರಿಸುವ ಹಲಗೆಯನ್ನು ಮಳೆಗೆ ಚಾಚಿದ. ಫೆರ್ನಾಂ ಓದಿದ. ಸ್ಟಿಯರಿಂಗಿನಿಂದ ಒಂದು ಬೆರಳು ಎತ್ತಿದ, ನೆಟ್ಟಗೆ, ಒದ್ದೆ ಚರ್ಮದ ಕೈಗವಸಿನೊಳಗಿನ ಒಂದೇ ಬೆರಳು, ನೋಡಿದೆ ಗಿಲೇನ್, ಸರಿ ಗಿಲೇನ್ — ಹೊರಟುಹೋದ.

ಚಳಿ ಎಂದು ಎಲ್ವಿಯೊ ಮಫ್ಲರು ಕೊಟ್ಟಿರುತ್ತಾನೆ, ಹೋದ ಸುತ್ತಿನಲ್ಲಿ ಪಿಟ್ಟಿಗೆ ಬಂದಾಗ. ತನ್ನ ತಂಡದ ಹೊಸಬನಿಗೆ, ಒಂದು ಸುತ್ತು ಹಿಂದೆ ಬಿದ್ದು ಈಗ ತಾನೇ ಪಿಟ್ಟಿನಿಂದ ಹೊರಟವನಿಗೆ, ಹಾಕ್ಕೋ ಮಾರಾಯ, ಮೂಗು ಸೋರ್ತಿದೆ, ಎಂದು ತನ್ನ ಕೊರಳಿನಿಂದ ಬಿಚ್ಚಿ ಕೊಟ್ಟಿರುತ್ತಾನೆ, ಎಲ್ವಿಯೊ ಅಂಥವನೇ. ನಂಬರು ನೋಡಬಹುದಿತ್ತು. ಕಾರಿನ ಮೂತಿಯ ಮೇಲೆ ಇಷ್ಟು ದೊಡ್ಡದಾಗಿ ಬರೆದಿರುತ್ತಾರೆ, ನೋಡಲಿಲ್ಲ, ನೋಡುವುದನ್ನು ಬಿಟ್ಟು ಹನ್ನೊಂದು ವರ್ಷವಾಯಿತು. ಯುದ್ಧ ಮುಗಿದ ವರ್ಷ ಈ ಸ್ಟೂಲಿನ ಮೇಲೆ ಅವಳನ್ನು ಕೂರಿಸಿ ಎರಡು ಸ್ಟಾಪ್‌ವಾಚು ಕೈಗಿತ್ತ ಮುದುಕಿ ಮದಾಂ ಸೆರ್ವೆ ಹೇಳಿದ್ದು ಅದನ್ನೇ, ನಂಬರಿಗೆ ಕೆಸರು ಹತ್ತುತ್ತೆ ಮಗಳೇ, ಮನುಷ್ಯನ್ನ ನೋಡು, ತಲೆ ಹೇಗಿಟ್ಕೊಂಡಿದ್ದಾನೆ, ಕೊರಳಿಗೆ ಏನು ಸುತ್ಕೊಂಡಿದ್ದಾನೆ, ಕುರುಬ ಕುರಿ ನೋಡ್ದ ಹಾಗೆ ನೋಡು. ಹಾಗೆ ನೋಡಿ ನೋಡಿ ಒಂದು ಸಲವೂ ತಪ್ಪಿರಲಿಲ್ಲ. ಫೆರ್ನಾಂ ಊಟದ ಮೇಜಿನಲ್ಲಿ ಎಲ್ಲರಿಗೂ ಹೇಳುತ್ತಿದ್ದ, ಪಾದ್ರಿಗಳ ಮಾತಿಗಾದ್ರೂ ಎದುರು ಮಾತಾಡ್ತೀನಿ, ನನ್ನ ಹೆಂಡತಿ ಹಲಗೆಗೆ ಇಲ್ಲ.

ಕೈ ತಾನಾಗಿ ಜೇಬಿಗೆ ಹೋಗುತ್ತದೆ, ಮಣಿಗಳು ತಣ್ಣಗಿವೆ. ಮಳೆಯಲ್ಲಿ ಒಂದು ಸುತ್ತಿಗೆ ನಾಲ್ಕೂವರೆ ನಿಮಿಷ, ಅಜ್ಜಿ ಕಲಿಸಿದ ನಿಧಾನದಲ್ಲಿ ಹೇಳಿದರೆ ಇಪ್ಪತ್ತು ನಮೋ ಮರಿಯೆ ಪ್ರಾರ್ಥನೆ, ಜಪಮಾಲೆಯ ಎರಡು ಹತ್ತು, ಇದು ಅವಳೊಬ್ಬಳಿಗೇ ಗೊತ್ತಿರುವ ಗಡಿಯಾರ. ಎರಡನೆಯ ಮಣಿಗೆ ಅವನು ಸೇತುವೆ ದಾಟಿರುತ್ತಾನೆ, ಏಳಕ್ಕೆ ಹಿಟ್ಟಿನ ಗಿರಣಿ, ಹನ್ನೆರಡಕ್ಕೆ ಮಾತೆಯ ಗುಡಿಯ ತಿರುವು, ಹದಿನೆಂಟಕ್ಕೆ ಕಾಡು ಮುಗಿದು ಕೊಕ್ಕೆ ತಿರುವಿನ ಕಡೆಗೆ ಏರು. ಈಗ ಎರಡನೆಯ ಮಣಿ. ಮುಸ್ಯೋ ಪಿರಾರ್, ಎಂದಳು, ಹಲಗೆ ತಪ್ಪು. ತಂಡದ ಯಜಮಾನ ಚುಟ್ಟವನ್ನು ಬಾಯಿಂದ ತೆಗೆಯದೆ, ಏನು ತಪ್ಪು, ಎಂದ. ಫೆರ್ನಾಂನೇ ಮುಂದಿದ್ದ, ನಾನು ಎರಡು ಅಂತ ತೋರಿಸಿದೆ. ಜೆಫ್‌ಗೆ ಇನ್ನೂ ಅರ್ಥವಾಗಿರಲಿಲ್ಲ, ಹಲ್ಲು ಕಿರಿದ, ಪಾರಿವಾಳದ ಕಾಲಿಗೆ ಚೀಟಿ ಕಟ್ಟಿ ಬಿಡೋಣ್ವಾ ಮದಾಂ, ನಮ್ಮಪ್ಪನ ಹತ್ರ ಹದಿನಾಲ್ಕಿವೆ, ಒಂದಕ್ಕಿಂತ ಒಂದು ಜೋರು — ಆಮೇಲೆ ಅವಳ ಮುಖ ನೋಡಿದ, ಹಲಗೆಯಿಂದ ಎರಡನ್ನು ಕಿತ್ತ. ಪಿರಾರ್ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಟೋಪಿ ತೆಗೆದು ನೀರು ಕೊಡವಿ ಮತ್ತೆ ಹಾಕಿಕೊಂಡು, ಬರ್ಲಿ, ಬಂದಾಗ ಸರಿಯಾದ್ದು ತೋರ್ಸು, ಇನ್ನೊಂದು ಸುತ್ತಿದೆಯಲ್ಲ, ಎಂದ, ಎಂದವನು ಕಾಡಿನ ಕಡೆ ತಿರುಗಿ ನಿಂತ.

ಐದು. ಏನೂ ಮಾಡದೆ ಫೆರ್ನಾಂ ಸುಮ್ಮನೆ ಬಂದಿದ್ದರೆ ಸಾಕಿತ್ತು, ಅದೇ, ಅದೇ, ಒಂಬತ್ತು ಸೆಕೆಂಡು ಕೈಯಲ್ಲಿ ಹಿಡಿದುಕೊಂಡು ಹೊಲದಿಂದ ಮನೆಗೆ ಬರುವ ರೈತನ ಹಾಗೆ ಬಂದಿದ್ದರೆ, ಎಲ್ವಿಯೊಗಿಂತ ಮುಂದೆ, ಅಷ್ಟೇ, ಈ ವರ್ಷದ ಕಿರೀಟ ಅವನದು, ನಲವತ್ತೊಂದನೆಯ ವಯಸ್ಸಿಗೆ, ಮೂರು ಸಲ ಎರಡನೆಯವನಾಗಿ ನಿಂತ ಮೇಲೆ. ಇದು ಕೊನೇದು ಗಿಲೇನ್, ಗೆಲ್ಲಲಿ ಸೋಲಲಿ ಕೊನೇದು, ಮುಂದಿನ ಚಳಿಗಾಲಕ್ಕೆ ನಿನ್ನ ಅಡುಗೆಮನೆ ಒಲೆ ಕೊಳವೆ ನಾನೇ ರಿಪೇರಿ ಮಾಡ್ತೀನಿ, ಎಂದಿದ್ದ, ಅವಳು ನಕ್ಕಿದ್ದಳು, ಹನ್ನೊಂದು ವರ್ಷದಿಂದ ಅದು ಹೊಗೆಯುತ್ತಲೇ ಇದೆ. ಈಗ ಅವನು ಹಿಂದಿದ್ದೇನೆಂದು ನಂಬಿದ್ದಾನೆ, ಮುಂದೆ ಮಂಜಿನಲ್ಲಿ ಎಲ್ಲೋ ಹಳದಿ ಮಫ್ಲರು ಕಾಣುತ್ತಿದೆ, ಅದನ್ನೇ ಅಟ್ಟಿಕೊಂಡು ಹೋಗುತ್ತಿದ್ದಾನೆ, ಅವಳ ಕೈಯ ಹೆಣಿಗೆಯನ್ನು ಅಟ್ಟಿಕೊಂಡು — ಏಳು, ಗಿರಣಿ, ಅಲ್ಲಿ ರಸ್ತೆಗೆ ಅಡ್ಡ ನೀರು ಹರಿಯುತ್ತದೆ, ಕಾಲು ಎತ್ತು ಫೆರ್ನಾಂ, ಪೆಡಲಿನಿಂದ ಕಾಲು ಎತ್ತು, ಯಾರೂ ಇಲ್ಲ ನಿನ್ನ ಮುಂದೆ.

ಒಂಬತ್ತು. ಆ ಮಫ್ಲರು ಹೆಣೆದದ್ದು ಎಲ್ವಿಯೊ ಗಿಲೇನಳ ಮನೆಯಲ್ಲಿ ಉಳಿದಿದ್ದ ಚಳಿಗಾಲ, ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಅಡುಗೆಮನೆಯ ಬೆಂಚಿನ ಮೇಲೆ, ಒಂದೇ ಕೈಯಲ್ಲಿ ಬ್ರೆಡ್ಡಿಗೆ ಪಿಯರ್ ಹಣ್ಣಿನ ಪಾಕ ಸವರಲು ಹೋಗಿ ಮೇಜಿಗೆಲ್ಲ ಸವರಿ, ಇದೇನು ಕಾಫಿಯಾ ಅಕ್ಕಾ, ನಿಮ್ಮ ಮ್ಯೂಸ್ ನದಿ ನೀರಾ, ಎಂದು ದಿನಾ ಕೇಳುತ್ತಿದ್ದ. ಕುಡಿ ಕುಡಿ, ಹಳ್ಳಕ್ಕೆ ಬಿದ್ದವನಿಗೆ ನದಿ ನೀರು ಹೆಚ್ಚಾಯ್ತಾ, ಎಂದು ಫೆರ್ನಾಂ. ಹಳ್ಳಕ್ಕೆ ಬಿದ್ದದ್ದು ಇಂಥದೇ ಒಂದು ಓಟದಲ್ಲಿ, ಆಗಲೂ ಇಬ್ಬರೂ ಬೇರೆ ಬೇರೆ ತಂಡ, ಹಿಂದೆಯೇ ಬಂದ ಫೆರ್ನಾಂ ಅವನನ್ನು ಕಂಡ, ಸುತ್ತು ಮುಗಿಸಿ ಬರುವಾಗ ಎದುರಾಳಿಗಳ ಪಿಟ್ಟಿನ ಮುಂದೆ ವೇಗ ಇಳಿಸಿ ಬೆರಳೆತ್ತಿ ತೋರಿಸಿದ, ನೆಟ್ಟಗೆ ಒಂದು ಬೆರಳು, ಅಂದರೆ ಎದ್ದು ನಿಂತಿದ್ದಾನೆ, ಜೀವಕ್ಕೆ ಭಯವಿಲ್ಲ. ಬೆರಳಿಲ್ಲದೆ ಮುಷ್ಟಿ ಬಿಗಿಹಿಡಿದು ಹೋದರೆ ಏನೆಂದು ಅವರೆಲ್ಲರಿಗೂ ಗೊತ್ತು, ಅದನ್ನು ಯಾರೂ ಮಾತಿನಲ್ಲಿ ಹೇಳಿಕೊಳ್ಳುವುದಿಲ್ಲ. ಆ ಬೆರಳಿಗಾಗಿ ಅವನು ಎರಡು ಸೆಕೆಂಡು ಕಳೆದುಕೊಂಡ, ಆ ಓಟವನ್ನೂ.

ಹನ್ನೆರಡು, ಗುಡಿಯ ತಿರುವು, ಬೆಳಿಗ್ಗೆ ಅಲ್ಲಿ ಮೇಣದಬತ್ತಿ ಹಚ್ಚಿದ್ದಳು, ಮಾತೆಯ ನೀಲಿ ಸೆರಗಿನ ಬಣ್ಣ ಎದ್ದುಹೋಗಿದೆ, ಕಾಲ ಬಳಿ ಯಾರೋ ಜಾಡಿಯಲ್ಲಿ ಕಾಡುಹೂ ಇಟ್ಟಿದ್ದರು, ಗುಡಿಯ ಹಿಂದೆ ಬೇಲಿ, ಬೇಲಿಯ ಆಚೆ ಹಸುಗಳು, ಹಸುಗಳು ತಲೆ ಎತ್ತಿ ನೋಡುತ್ತಿದ್ದವು. ಗೆಲ್ಲಿಸು ಎಂದು ಕೇಳಿದ್ದೆ. ತಾಯೀ, ಅದನ್ನು ವಾಪಸ್ಸು ತೆಗೆದುಕೊಳ್ಳುತ್ತೇನೆ, ಬೆಳಿಗ್ಗೆ ಕೇಳಿದ್ದು ಬೇಡ, ಬೇರೆ ಕೇಳುತ್ತೇನೆ, ಚಿಕ್ಕದು — ಹದಿಮೂರು, ಹದಿನಾಲ್ಕು, ಮಣಿ ಓಡುತ್ತಿದೆ, ನಿಧಾನ, ಅಜ್ಜಿಯ ಹಾಗೆ ನಿಧಾನ, ಮಣಿ ಓಡಿದರೆ ಅವನೂ ಓಡುತ್ತಾನೆ. ಜೆಫ್ ಹಲಗೆ ಎದೆಗವಚಿ ಗೋಡೆಯ ಮೇಲೇ ಹತ್ತಿ ಕೂತಿದ್ದಾನೆ, ಒಂದು, ಅದರ ಕೆಳಗೆ 'ನಿಧಾನ', ಕಾಣ್ತದೆ ಬಿಡಿ ಮದಾಂ, ಇಷ್ಟು ಹತ್ರ ಹಿಡಿದ್ರೆ ಮೂಗಿಗೇ ತಾಗ್ತದೆ.

ಹದಿನೆಂಟು. ಹತ್ತೊಂಬತ್ತು. ಕೆಂಪು ಕಾರು ಕೊಕ್ಕೆ ತಿರುವು ತಿರುಗಿತು, ಹಳದಿ ಮಫ್ಲರು, ಹೊಸಬ, ಈಗ ನಂಬರು ಎಷ್ಟು ಚೆನ್ನಾಗಿ ಕಾಣುತ್ತಿದೆ. ಇಪ್ಪತ್ತು. ಸ್ಟಾಪ್‌ವಾಚಿನ ಮುಳ್ಳು ನಾಲ್ಕೂವರೆ ನಿಮಿಷಕ್ಕೆ ಬಂತು, ದಾಟಿತು. ನೀಲಿ ಇಲ್ಲ. ತಿರುವಿನಲ್ಲಿ ಮಳೆಯೊಂದೇ ಬೀಳುತ್ತಿದೆ. ಇಪ್ಪತ್ತೊಂದನೆಯ ಮಣಿಗೆ ಬೆರಳು ಎಂದೂ ಹೋಗಿಲ್ಲ, ಎರಡು ಹತ್ತು ಮುಗಿದರೆ ಅವನು ಬರುತ್ತಿದ್ದ, ಯಾವಾಗಲೂ ಬರುತ್ತಿದ್ದ, ಹೆಬ್ಬೆರಳು ಗುಂಡಿಯ ಮೇಲಿದೆ, ಒತ್ತಬೇಡ, ಕಾಯೋ ಗಡಿಯಾರ ನಿಲ್ಲಿಸ್ಬಾರದು ಮಗಳೇ, ಎಂದಿದ್ದಳು ಮದಾಂ ಸೆರ್ವೆ, ಬರೋವರೆಗೂ ಓಡ್ಲಿ. ಐದು ಸೆಕೆಂಡು. ಏಳು. ಜೆಫ್ ಹಲಗೆಯನ್ನು ಇನ್ನೂ ಮಳೆಗೆ ಚಾಚಿಯೇ ಇದ್ದಾನೆ, ಪಿರಾರ್ ಟೋಪಿ ತೆಗೆದಿದ್ದಾನೆ, ಹಾಕ್ಕೋ ಮುಸ್ಯೋ, ದಮ್ಮಯ್ಯ ಟೋಪಿ ಹಾಕ್ಕೋ. ಕೆಂಪು. ಕೊಕ್ಕೆ ತಿರುವಿನಲ್ಲಿ ಕೆಂಪು, ಬೋಳು ಕೊರಳು, ಎತ್ತಿದ ಭುಜ, ಎಲ್ವಿಯೊ, ಇನ್ನು ಅವನ ಮುಂದೆ ಯಾರೂ ಇಲ್ಲ, ಕಿರೀಟ ಅವನದೇ, ತಿರುವು ಬಿಟ್ಟವನು ವೇಗ ಹಿಡಿಯಬೇಕು, ಹಿಡಿಯುತ್ತಿಲ್ಲ, ಯಾಕೆ ಹಿಡಿಯುತ್ತಿಲ್ಲ, ತನ್ನ ಪಿಟ್ಟನ್ನು ನೋಡದೆ ಇತ್ತ ಬರುತ್ತಿದ್ದಾನೆ, ಈ ಗೋಡೆಯ ಹತ್ತಿರಕ್ಕೆ, ಅವಳ ಹತ್ತಿರಕ್ಕೆ, ಮುರಿದು ಕೂಡಿದ ಭುಜದ ಕೈ ಸ್ಟಿಯರಿಂಗಿನಿಂದ ಏಳುತ್ತಿದೆ, ಮುಷ್ಟಿ — ತಾಯೀ ಮುಷ್ಟಿ ಬೇಡ — ಮುಷ್ಟಿ ಬಿಚ್ಚುತ್ತಿದೆ, ಒದ್ದೆ ಚರ್ಮದಲ್ಲಿ ಒಂದು ಬೆರಳು, ನೆಟ್ಟಗೆ, ಮಳೆಯಲ್ಲಿ ಎದ್ದು ನಿಂತ ಮನುಷ್ಯನ ಹಾಗೆ ಒಂದೇ ಬೆರಳು, ಒಂದು ಬೆರಳು.