ಟೆಕ್ಸಾಸಿನ ಸ್ಟೇಜು ಪಟ್ಟಿ

ಕಂಡಕ್ಟರ್ ನೌಕರಿಯಿಂದ ನಿವೃತ್ತನಾಗಿ ಎರಡು ವರ್ಷವಾದರೂ ದೇವಿದಾಸನ ಕಿವಿಯ ಮೇಲಿನ ಪೆನ್ನು ಮಾತ್ರ ನಿವೃತ್ತವಾಗಿರಲಿಲ್ಲ. ಸ್ನಾನಕ್ಕೆ ಹೋಗುವಾಗಲೂ ಅದನ್ನು ತೆಗೆಯುವುದಿಲ್ಲ ಎಂದು ಹೆಂಡತಿ ದ್ರೌಪತಿ ಹುಮನಾಬಾದಿನ ತಮ್ಮ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು. ಅದು ಸುಳ್ಳು, ಆದರೆ ಬಹಳ ದೊಡ್ಡ ಸುಳ್ಳೇನಲ್ಲ. ಆ ಪೆನ್ನಿನಿಂದ ಅವನು ಏಳು ತಿಂಗಳಿಂದ ಅಮೆರಿಕದ ಟೆಕ್ಸಾಸ್ ರಾಜ್ಯಕ್ಕೆ ಸ್ಟೇಜು ಪಟ್ಟಿ ಬರೆಯುತ್ತಿದ್ದ.

ಬಸ್ಸಿನ ದಾರಿಯನ್ನು ಟಿಕೆಟಿನ ಸಲುವಾಗಿ ತುಂಡು ತುಂಡು ಮಾಡಿಕೊಳ್ಳುತ್ತಾರಲ್ಲ, ಒಂದೊಂದು ತುಂಡಿಗೆ ಸ್ಟೇಜು ಎನ್ನುತ್ತಾರೆ. ಹುಮನಾಬಾದ್, ರಾಜೇಶ್ವರ, ಸಸ್ತಾಪುರ ಬಂಗ್ಲಾ, ಬಸವಕಲ್ಯಾಣ, ಮುಡಬಿ. ಈ ಪಟ್ಟಿಯನ್ನು ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಹೇಳುವವರು ಇಬ್ಬರು. ಒಬ್ಬ ದೇವಿದಾಸ, ಇನ್ನೊಬ್ಬ ಡ್ರೈವರ್ ಮಹೆಬೂಬ. ಒಂದೇ ರೂಟಿನಲ್ಲಿ, ಒಂದೇ ಪಾಳಿಯಲ್ಲಿ ಇಪ್ಪತ್ತಾರು ವರ್ಷ ಜೊತೆಗೆ ದುಡಿದವರು. ಹೆಂಡಂದಿರ ಜೊತೆಗೂ ಅಷ್ಟು ಹೊತ್ತು ಕೂತವರಲ್ಲ.

ಇಂಥವರ ತಲೆಯೊಳಗೆ ಟೆಕ್ಸಾಸ್ ಹೊಕ್ಕಿದ್ದು ಸಿಮ್ರಾನಳಿಂದ. ಅವಳು ಮಹೆಬೂಬನ ತಂಗಿಯ ಮಗಳು. ಚಿಕ್ಕವಳಿದ್ದಾಗ ಇವರ ಬಸ್ಸಿನಲ್ಲೇ ಶಾಲೆಗೆ ಹೋಗುತ್ತಿದ್ದಳು. ಒಂದು ದಿನ ಅವಳ ಒಂದು ಚಪ್ಪಲಿ ಕಿಟಕಿಯಿಂದ ಹೊರಗೆ ಬಿತ್ತು. ದೇವಿದಾಸ ಹಗ್ಗ ಎಳೆದು ಒಂದು ಗಂಟೆ ಬಾರಿಸಿದ. ಒಂದು ಬಾರಿಸಿದರೆ ನಿಲ್ಲು, ಎರಡು ಬಾರಿಸಿದರೆ ಹೊರಡು. ಐವತ್ತೆಂಟು ಜನ ತುಂಬಿದ ಬಸ್ಸು ನಡುರಸ್ತೆಯಲ್ಲಿ ನಿಂತಿತು. ದೇವಿದಾಸ ಇಳಿದು, ಹಿಂದಕ್ಕೆ ನಡೆದು, ಚಪ್ಪಲಿ ಹೆಕ್ಕಿ ತಂದ. ಹಿಂದಿನ ಸೀಟಿನವರು ಬಾಯಿಗೆ ಬಂದಂತೆ ಬೈದರು. ಮಹೆಬೂಬ ತಿರುಗಿ ನೋಡದೆ, "ಗಂಟಿ ಬಿತ್ತು, ನಿಲ್ಸೀನಿ" ಎಂದನಷ್ಟೆ. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಅವನು "ಯಾಕ" ಎಂದು ಕೇಳಿದವನಲ್ಲ. ಕಂಡಕ್ಟರ್ ಗಂಟೆ ಹೊಡೆದನೆಂದರೆ ಅವನಿಗೆ ಏನೋ ಕಂಡಿದೆ ಎಂದೇ ಅರ್ಥ.

ಆ ಚಪ್ಪಲಿಯ ಹುಡುಗಿ ಈಗ ಹ್ಯೂಸ್ಟನ್ ಊರಿನ ಆಸ್ಪತ್ರೆಯಲ್ಲಿ ನರ್ಸು. "ಒಂದು ಚಪ್ಪಲಿಗೆ ಬಸ್ ನಿಲ್ಸಿದವರಿಗೆ ಇಮಾನದ ಟಿಕೆಟ್ ನಂದು. ಮಾಮೂನೂ ಬರಬೇಕು, ಕಾಕಾನೂ ಬರಬೇಕು" ಎಂದು ಫೋನಿನಲ್ಲಿ ಹಟ ಹಿಡಿದಳು. ಮಹೆಬೂಬನ ಹೆಂಡತಿ ಕರೀಮಾ, "ಇಬ್ಬರೂ ಹೋಗ್ರಿ, ಒಂದು ತಿಂಗಳು ಮನಿ ಥಂಡಾ ಇರ್ತದ" ಎಂದು ಕೂಡಲೇ ಪರವಾನಗಿ ಕೊಟ್ಟುಬಿಟ್ಟಳು. ಮಹೆಬೂಬ ಹಾಕಿದ್ದು ಒಂದೇ ಶರತ್ತು. ಅಲ್ಲಿ ಸುತ್ತಾಡುವ ಕಾರನ್ನು ಅವನೇ ಓಡಿಸಬೇಕು.

ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಮಹೆಬೂಬನ ಹಳೆಯ ಬಿಳಿ ಕಾರಿನಲ್ಲಿ ಇಬ್ಬರೂ ಬಸವಕಲ್ಯಾಣಕ್ಕೆ ಬರುವುದು, ಬಸ್‌ಸ್ಟ್ಯಾಂಡಿನ ಎದುರಿಗೆ ನಸೀರನ ಹೋಟೆಲಿನಲ್ಲಿ ಪಟ್ಟಿ ಬಿಚ್ಚುವುದು. ಚಹಾ ಹುಮನಾಬಾದಿನಲ್ಲಿ ಸಿಗುವುದಿಲ್ಲವೆಂದಲ್ಲ. ಮೊದಲ ಟ್ರಿಪ್ಪಿನ ಚಹಾ ನಸೀರನ ಹತ್ತಿರವೇ ಆಗಬೇಕೆಂಬುದು ಹಳೆಯ ರೂಢಿ.

ಪಟ್ಟಿಯ ಒಂದನೇ ಸ್ಟೇಜು ಗ್ಯಾಲ್ವೆಸ್ಟನ್, ಸಮುದ್ರದ ದಂಡೆಯ ಊರು. ಅದು ದೇವಿದಾಸನ ಆಯ್ಕೆ. "ಗುಲಾಮರೆಲ್ಲಾ ಇವತ್ತಿನಿಂದ ಆಜಾದ್ ಅಂತ ಆ ರಾಜ್ಯದಾಗ ಹುಕುಂ ಓದಿದ ಜಾಗಾ ಅದು. ಅಲ್ಲಿ ನಿಂತು ಒಂದು ಜೈಭೀಮ್ ಅನ್ನಬೇಕು ಭಾಯ್" ಎಂದಿದ್ದ. "ನಾನೂ ಅಂತೀನಿ, ಮುಂದಿಂದು ಓದು" ಎಂದ ಮಹೆಬೂಬ. ಮುಂದಿನದು ಸ್ಯಾನ್ ಆಂಟೋನಿಯೊ. ಅಲ್ಲಿ ಬಜಾರದಲ್ಲಿ ಅರ್ಧ ಜನರ ಬಾಯಲ್ಲಿ ಸ್ಪ್ಯಾನಿಷ್. ಅಲ್ಲಿಂದ ಎರಡು ತಾಸು ಹೋದರೆ ಜರ್ಮನಿಯಿಂದ ಬಂದು ನೆಲೆಸಿದವರ ಊರು. ಸಮುದ್ರದ ದಂಡೆಗುಂಟ ವಿಯೆಟ್ನಾಮಿನ ಮೀನುಗಾರರು. ಆಮೇಲೆ ಮರುಭೂಮಿ, ಆಮೇಲೆ ಕಣ್ಣು ಹೋದಷ್ಟು ದೂರ ಹತ್ತಿ.

"ಇಷ್ಟೆಲ್ಲಾ ಒಂದೇ ರಾಜ್ಯದಾಗ?" ಎಂದು ಮಹೆಬೂಬ ಹುಬ್ಬೇರಿಸಿದ್ದ.

"ಯಾಕ, ನಮ್ಮ ಬಸ್ಸಿನಾಗ ಇರಲಿಲ್ಲೇನು? ಮುಂದಿನ ಸೀಟಿನಾಗ ಮರಾಠಿ, ನಡುವ ಕನ್ನಡ, ಹಿಂದ ಉರ್ದು, ಬಾಗಿಲದಾಗ ತೆಲುಗು. ಜಗಳಕ್ಕ ಮಾತ್ರ ಎಲ್ಲಾರದೂ ಒಂದೇ ಭಾಷಾ."

ಮರುಭೂಮಿಯ ಸ್ಟೇಜೇ ದೊಡ್ಡ ತಲೆನೋವಾಯಿತು. ನೂರಾ ಮೂವತ್ತು ಕಿಲೋಮೀಟರ್‌ವರೆಗೆ ಒಂದೂ ಚಹಾದಂಗಡಿ ಇಲ್ಲ. "ಚಹಾ ಇಲ್ಲದ ರಸ್ತಾ ಯಾವ ಸರಕಾರ ಹಾಕ್ತದೋ" ಎಂದು ಮಹೆಬೂಬ ಬಹಳ ಬೇಜಾರು ಮಾಡಿಕೊಂಡ. ಕಡೆಗೆ ಎರಡು ಥರ್ಮಾಸು, ದ್ರೌಪತಿಯ ಶೇಂಗಾ ಹೋಳಿಗೆ ಎಂದು ತೀರ್ಮಾನವಾಯಿತು. ಆದರೆ ಆ ರಸ್ತೆಯ ಫೋಟೊ ನೋಡಿದಾಗ ಮಾತ್ರ ಅವನ ಮುಖ ಮದುವಣಿಗನದಂತಾಗುತ್ತಿತ್ತು. ನೂಲು ಹಿಡಿದು ಎಳೆದಂಥ ರಸ್ತೆ, ತಗ್ಗಿಲ್ಲ, ದಿಣ್ಣೆಯಿಲ್ಲ, ಎಮ್ಮೆಯಿಲ್ಲ. "ಜೀವನದಾಗ ಒಂದು ಸಲ, ಬ್ರೇಕ್ ಮ್ಯಾಲ ಕಾಲ ಇಡದs ಗಾಡಿ ಬಿಡಬೇಕು ದೇವಿದಾಸ. ಒಂದೇ ಸಲ." ನಿವೃತ್ತಿಯಾದ ದಿನದಿಂದ ಬಾಡಿಕೊಂಡಿದ್ದ ಮನುಷ್ಯ ಈ ಏಳು ತಿಂಗಳಲ್ಲಿ ಚಿಗುರಿಕೊಂಡಿದ್ದ. ಗಡ್ಡಕ್ಕೆ ಮೆಹೆಂದಿ ಹಚ್ಚಲು ಶುರು ಮಾಡಿದ್ದ.

ಅದಕ್ಕೇ ದೇವಿದಾಸನ ಬಾಯಲ್ಲಿ ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಅಮೆರಿಕದಲ್ಲಿ ಗಾಡಿಗಳು ರಸ್ತೆಯ ಬಲಗಡೆ ಓಡುತ್ತವೆ. ಅದರ ರೂಢಿಯಾಗಲೆಂದು ಮೂರು ತಿಂಗಳ ಹಿಂದೆ ಮುಡಬಿಯ ಉತ್ತಮ ಎಂಬ ಪರಿಚಯದವನ ಹೊಲದಲ್ಲಿ, ತೊಗರಿ ಕೊಯ್ದ ಮೇಲೆ, ಇಟ್ಟಿಗೆ ಸಾಲು ಇಟ್ಟು ರಸ್ತೆ ಮಾಡಿದ್ದರು. ಅಮೆರಿಕ ನೋಡಲು ಅರ್ಧ ಊರೇ ಬದುವಿನ ಮೇಲೆ ಕೂತಿತ್ತು. ಮಹೆಬೂಬ ಹತ್ತು ಸುತ್ತು ಹೊಡೆದ. ಜನ ಚಪ್ಪಾಳೆ ತಟ್ಟಿದರು. ಟಿಕೆಟು ಎಣಿಸಿ ಪಳಗಿದ ದೇವಿದಾಸನ ಕಣ್ಣು ಮಾತ್ರ ಇಟ್ಟಿಗೆ ಎಣಿಸುತ್ತಿತ್ತು. ಬಲಸಾಲಿನಲ್ಲಿ ಒಂದೂ ಅಲುಗಿರಲಿಲ್ಲ. ಎಡಸಾಲಿನಲ್ಲಿ ಒಂಬತ್ತು ಇಟ್ಟಿಗೆ ಪುಡಿಯಾಗಿದ್ದವು. ಕೆಳಗಿಳಿದ ಮಹೆಬೂಬ ಎಡಗಡೆಯಿಂದ ಉತ್ತಮ ಚಾಚಿದ ನೀರಿನ ತಂಬಿಗೆಯನ್ನೂ ಕಾಣದೆ ಮುಂದೆ ಹೋದ.

ರಸ್ತೆಯ ಬದಿಯಲ್ಲಿ ಮಲಗಿದ ಕೋಳಿಮರಿಯನ್ನೂ ಬಿಡದೆ ನೋಡುತ್ತಿದ್ದ ಡ್ರೈವರ್ ಅವನು. ಅವನ ಎಡಗಣ್ಣಿಗೆ ಏನೋ ಆಗಿತ್ತು. ನಮ್ಮಲ್ಲಿ ಎದುರಿನ ಗಾಡಿ ಬಲಗಡೆಯಿಂದ ಬರುತ್ತದೆ, ಹೇಗೋ ನಡೆದಿತ್ತು. ಅಲ್ಲಿ ಎದುರಿನ ಗಾಡಿ ಬರುವುದೇ ಎಡದಿಂದ, ಅದೂ ನೂರಾ ಇಪ್ಪತ್ತರ ಸ್ಪೀಡಿನಲ್ಲಿ. ಹೇಳಿದರೆ ಗೆಳೆಯ ಮತ್ತೆ ಬಾಡುತ್ತಾನೆ, ಹೇಳದಿದ್ದರೆ ಗೆಳೆಯನೇ ಉಳಿಯುವುದಿಲ್ಲ. ಪ್ರತಿ ಭಾನುವಾರ ಹೇಳಲೆಂದೇ ಬರುತ್ತಿದ್ದ, ಹೇಳದೆ ವಾಪಸಾಗುತ್ತಿದ್ದ. ಹೀಗೆ ಹನ್ನೆರಡು ಭಾನುವಾರ ಕಳೆದವು. ಟಿಕೆಟಿಲ್ಲದ ಪೈಲ್ವಾನನನ್ನು ಕೊರಳಪಟ್ಟಿ ಹಿಡಿದು ಇಳಿಸಿದ ಧೀರ, ಒಂದು ಮಾತಿಗೆ ಹೆದರಿ ಸತ್ತ.

ಹದಿಮೂರನೆಯ ಭಾನುವಾರ ಸಸ್ತಾಪುರ ಬಂಗ್ಲಾದ ತಿರುವಿನಲ್ಲಿ ಎಡಗಡೆಯಿಂದ ಕಬ್ಬಿನ ಟ್ರ್ಯಾಕ್ಟರ್ ಬಂತು, ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಹೊರಟದ್ದು, ಹಿಂದೆ ಎರಡು ಟ್ರಾಲಿ. ಮಹೆಬೂಬ ಜರ್ಮನಿಯವರ ಊರಿನ ಬಗ್ಗೆ ಮಾತಾಡುತ್ತಾ ನೇರ ಅದರ ಮೈಮೇಲೆ ಹೊರಟಿದ್ದ. ದೇವಿದಾಸನ ಕೈ ತಾನಾಗಿ ಮೇಲಕ್ಕೆ ಹೋಯಿತು. ಅಲ್ಲಿ ಹಗ್ಗವಿರಲಿಲ್ಲ, ಕಾರಿನ ಚಾವಣಿ ಮಾತ್ರ ಇತ್ತು. ಟ್ರ್ಯಾಕ್ಟರಿನವನೇ ಬ್ರೇಕ್ ಒತ್ತಿ, ಇವರ ಇಡೀ ವಂಶವನ್ನು ನೆನೆಸಿಕೊಂಡು ಬೈದ. ಮಹೆಬೂಬ ಗಾಡಿ ನಿಲ್ಲಿಸಿ, ಬೆವರು ಒರೆಸಿಕೊಂಡು, ಮತ್ತೆ ಬಸವಕಲ್ಯಾಣದ ಕಡೆ ಹೊರಟ.

ನಸೀರ ಎರಡು ಗ್ಲಾಸು ಚಹಾ ತಂದಿಟ್ಟ. ಅಷ್ಟರಲ್ಲಿ ಮಹೆಬೂಬನಿಗೆ ಸಿಮ್ರಾನಳ ಫೋನು ಬಂತು, ಅವನು ಸ್ಪೀಕರ್ ಹಾಕಿದ. ಅವಳಿಗೆ ಅಲ್ಲಿ ಶನಿವಾರ ರಾತ್ರಿಯ ಊಟದ ಹೊತ್ತು.

"ಮಾಮು, ಕಾರು ಬುಕ್ ಮಾಡಾಕತ್ತೀನಿ. ಹದಿನೈದು ದಿನಕ್ಕ. ಡ್ರೈವರ್ ಅಂತ ಯಾರ ಹೆಸರು ಹಾಕ್ಲಿ? ನಿಮ್ದೇ ಅಲ್ಲ?"

ಮಹೆಬೂಬ ಗಂಟಲು ಸರಿ ಮಾಡಿಕೊಂಡ. "ಹೂಂ ಬೇಟಿ, ಬರ್ಕೊ. ಮಹೆಬೂಬ..."

ದೇವಿದಾಸನಿಗೆ ಬಾಯಿ ಬರಲಿಲ್ಲ. ಕೈ ಬಂತು. ಸಕ್ಕರೆಯ ಚಮಚ ತೆಗೆದು ಚಹಾದ ಗ್ಲಾಸಿಗೆ ಒಮ್ಮೆ ಹೊಡೆದ. ಟಣ್. ಒಂದೇ ಸಲ.

ಮಹೆಬೂಬನ ಮಾತು ಹೆಸರಿನ ನಡುವೆಯೇ ನಿಂತಿತು. ಅವನು ದೇವಿದಾಸನ ಮುಖ ನೋಡಲಿಲ್ಲ, ಯಾಕೆ ಎಂದು ಕೇಳಲಿಲ್ಲ. "ಒಂದು ಮಿನಿಟ್ ಬೇಟಿ. ಗಂಟಿ ಬಿತ್ತು" ಎಂದು ಫೋನನ್ನು ಮೇಜಿನ ಮೇಲಿಟ್ಟ.

"ಭಾಯ್" ಎಂದ ದೇವಿದಾಸ. ಹನ್ನೆರಡು ಭಾನುವಾರ ಕಟ್ಟಿಟ್ಟುಕೊಂಡ ಮಾತೆಲ್ಲ ಆ ಒಂದು ಶಬ್ದದಾಚೆ ಬರಲಿಲ್ಲ.

"ಎಡಗಣ್ಣು" ಎಂದ ಮಹೆಬೂಬ. "ದಸರಾದಿಂದ. ಬೀದರದಾಗ ಡಾಕ್ಟರಗ ತೋರ್ಸೀನಿ. ಹೋದ ನಜರ್ ಬರಂಗಿಲ್ಲ, ಇದ್ದದ್ದು ಹನಿ ಹಾಕ್ಕೊಂಡು ಕಾಯ್ಕೊ ಅಂದ. ಕರೀಮಾಗೂ ಹೇಳಿಲ್ಲ."

ದೇವಿದಾಸನಿಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿನ ಹಿಂದೆಯೇ ಕಣ್ಣೀರೂ ಬಂತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು. "ಗೊತ್ತಿದ್ದೂ ಗಾಡಿ ಹೊಡ್ಯಾಕತ್ತಿದ್ದಿ? ನನ್ನನ್ನ ಬಾಜೂಕ ಕೂಡಿಸ್ಕೊಂಡು? ಇವತ್ತು ಇಬ್ಬರೂ ಕಬ್ಬಿನ ಸಂಗಟ ಗಾಣಕ್ಕ ಹೋಗ್ತಿದ್ದಿವಿ. ಹೇಳಾಕ ಏನಾಗಿತ್ತು ನಿಂಗ?"

"ಡ್ರೈವರ್ ತನ್ನಷ್ಟಕ್ಕ ತಾ ನಿಲ್ಲಸ್ತಾನೇನೋ?" ಮಹೆಬೂಬನ ದನಿ ಬಹಳ ಸಣ್ಣದಾಗಿತ್ತು. "ನಿಲ್ಲಸೂದು ನನ್ನ ಕೈಲಿ ಆಗಲಿಲ್ಲ ದೇವಿದಾಸ. ಹೊಲದಾಗ ಇಟ್ಟಿಗಿ ನೀ ಎಣಿಸಿದ್ದು ನಾ ನೋಡೀನಿ. ಇವತ್ತು ಗಂಟಿ ಹೊಡೀತಾನ, ಮುಂದಿನ ವಾರ ಹೊಡೀತಾನ ಅಂತ ಕಾಯ್ಕೋತ ಕುಂತಿದ್ದೆ. ಬಹಳ ಲೇಟ್ ಮಾಡ್ದಿ."

ದೇವಿದಾಸ ತಲೆ ತಗ್ಗಿಸಿದ. ತಪ್ಪು ಗೆಳೆಯನದೂ ಹೌದು, ತನ್ನದೂ ಹೌದು. ಕಂಡಕ್ಟರ್ ಆದವನು ಕಂಡ ಕೂಡಲೇ ಹೊಡೆಯಬೇಕಿತ್ತು. "ಲೇಟಾತು ಭಾಯ್" ಎಂದ.

ಮೇಜಿನ ಮೇಲಿನ ಫೋನು ಕೆಮ್ಮಿತು. ಇಬ್ಬರೂ ಅದನ್ನು ಮರೆತೇಬಿಟ್ಟಿದ್ದರು.

"ಎಲ್ಲಾ ಕೇಳ್ಸಾಕತ್ತದ ನಂಗ" ಎಂದಳು ಸಿಮ್ರಾನ್, ಮೂಗು ಒರೆಸಿಕೊಂಡ ದನಿಯಲ್ಲಿ. "ಡ್ರೈವರ್ ಅಂತ ನನ್ನ ಹೆಸರು ಹಾಕಾಕತ್ತೀನಿ. ಹದಿನೈದು ದಿನ ರಜಾನೂ ತಗೋತೀನಿ. ಮೊದಲs ಬರ್ತೀನಿ ಅಂದಿದ್ದೆ, ನೀವs ಬ್ಯಾಡ ಅಂದ್ರಿ. ಡಾಕ್ಟರ್ ಬರದು ಕೊಟ್ಟ ಚೀಟಿ ಫೋಟೊ ಹೊಡದು ಇವತ್ತೇ ಕಳಸ್ರಿ ಮಾಮು."

ಮಹೆಬೂಬ ಗಡ್ಡ ಸವರಿಕೊಂಡ. ಇಪ್ಪತ್ತಾರು ವರ್ಷದ ಸರ್ವೀಸಿನವನು ಹೊಸ ಡ್ರೈವರನ್ನು ಸುಮ್ಮನೆ ಒಪ್ಪುವುದುಂಟೆ? "ಕಾಕಾ ಗಂಟಿ ಹೊಡದ್ರ ನಿಲ್ಲಸ್ತಿ?"

"ನಿಲ್ಲಸ್ತೀನಿ."

"ಯಾಕ ಅಂತ ಕೇಳ್ತಿ?"

"ನನ್ನ ಚಪ್ಪಲಿ ತಂದು ಕೊಟ್ಟವರಿಗೆ ಯಾಕ ಅಂತ ಕೇಳಾಕ ಆಗ್ತದೇನು ಮಾಮು?"

ಮಹೆಬೂಬ ಅತ್ತ ತಿರುಗಿ ನಸೀರನಿಗೆ ಇನ್ನೆರಡು ಚಹಾ ಹೇಳಿದ. ಹೇಳುವಾಗ ಅವನ ದನಿ ಒಡೆದಿತ್ತು. ನಸೀರ ಕೇಳಿಸದವನಂತೆ ಭಜಿ ತಿರುವುತ್ತಾ ನಿಂತ, ಒಳ್ಳೆಯವನು.

ಕಾರಿನ ಕೀಲಿಯನ್ನು ಮಹೆಬೂಬ ತಾನಾಗಿ ನಸೀರನ ಗಲ್ಲಾಪೆಟ್ಟಿಗೆಯ ಮೇಲಿಟ್ಟ. ಸಂಜೆ ಯಾರಾದರೂ ಹುಮನಾಬಾದಿಗೆ ಮುಟ್ಟಿಸಲಿ ಎಂದ. ಇಬ್ಬರೂ ರಸ್ತೆ ದಾಟಿ ಹುಮನಾಬಾದಿನ ಬಸ್ಸಿನ ಹತ್ತಿರ ಬಂದರು. ಅಭ್ಯಾಸಬಲದಿಂದ ಮಹೆಬೂಬ ಡ್ರೈವರ್ ಬಾಗಿಲಿನ ಕಡೆ ಎರಡು ಹೆಜ್ಜೆ ಹೋಗಿ, ನಿಂತು, ತಿರುಗಿ ಬಂದು ಹತ್ತಿದ. ದೇವಿದಾಸ ನೋಡಿಯೂ ನೋಡದವನಂತಿದ್ದ. ಗೆಳೆಯನನ್ನು ಬಲಗಡೆಯ ಸಾಲಿನ ಕಿಟಕಿಗೆ ಕೂರಿಸಿ ತಾನು ಅವನ ಎಡಕ್ಕೆ ಕೂತ.

ಕಿವಿಯ ಪೆನ್ನು ತೆಗೆದು ಪಟ್ಟಿ ಬಿಚ್ಚಿದ. ಡ್ರೈವರ್ ಎಂದಿದ್ದ ಕಡೆ ಮಹೆಬೂಬನ ಹೆಸರು ಹೊಡೆದು ಸಿಮ್ರಾನ್ ಎಂದು ಬರೆದ. ಬರೆಯುವಾಗ ಅವನಿಗೊಂದು ಸಂಗತಿ ಹೊಳೆಯಿತು.

"ಭಾಯ್, ಅಲ್ಲಿ ಕಾರಿನಾಗ ಡ್ರೈವರ್ ಎಡಕ್ಕ ಕೂಡ್ತಾರ. ಅಂದ್ರ ಬಾಜೂಕ ಕೂತವಗ ಬಲಗಡೆ ಕಿಟಕಿ. ನಿನ್ನ ಚಲೋ ಕಣ್ಣಿನ ಕಡೆ. ಪೂರಾ ಟೆಕ್ಸಾಸ್ ನಿಂಗ ಕಾಣ್ತದ."

"ಮತ್ತ ನಿಂಗ?"

"ನಾ ಹಿಂದ. ಕಂಡಕ್ಟರ್ ಯಾವತ್ತಿದ್ರೂ ಹಿಂದs."

ಬಸ್ಸಿನ ಕಂಡಕ್ಟರ್ ಎರಡು ಗಂಟೆ ಹೊಡೆದಳು. ಮಹೆಬೂಬನ ಬಲಗಾಲು ತಾನಾಗಿ ನೆಲವನ್ನು ಒತ್ತಿತು. ದೇವಿದಾಸ ಅವನ ಮೊಣಕಾಲಿನ ಮೇಲೆ ಕೈಯಿಟ್ಟ, ತೆಗೆಯಲಿಲ್ಲ. ಊರು ದಾಟಿ, ಸಸ್ತಾಪುರ ಬಂಗ್ಲಾ ದಾಟಿ, ರಾಜೇಶ್ವರ ಹತ್ತಿರವಾಗುವ ಹೊತ್ತಿಗೆ ಆ ಕಾಲು ಸಡಿಲಾಯಿತು. ಮಹೆಬೂಬ ಕಿಟಕಿಯ ಸರಳಿಗೆ ಹಣೆ ಒತ್ತಿ ಹೊರಗೆ ನೋಡುತ್ತಿದ್ದ.

"ದೇವಿದಾಸ, ಇಲ್ಲೊಂದು ಬಾವಿ ಅದ ನೋಡು. ಬಾಜೂಕ ಎಷ್ಟು ದೊಡ್ಡ ಬೇವಿನ ಗಿಡ. ಯಾವಾಗ ಬಂತೋ ಇದು?"

"ಮೊದಲಿಂದ ಅಲ್ಲೇ ಅದ ಭಾಯ್" ಎಂದ ದೇವಿದಾಸ. "ನೀ ರಸ್ತಾ ನೋಡಾಕತ್ತಿದ್ದಿ."