ಉದ್ಘಾಟನೆ ಆಗದ ವಾರ್ಡು

ಬೆಂಚುಗಳನ್ನು ಮತ್ತೆ ಹೊರಗೆ ಹಾಕಿಸಿ ಎಂದು ಆರೋಗ್ಯ ಕಚೇರಿಯಿಂದ ಫೋನು ಬಂದಾಗ ದೊಡ್ಡ ಟೀಚರ್‌ಗೆ ನಗು ಬಂತು. ಬರಬೇಕಾದದ್ದು ಸಿಟ್ಟು. ಆದರೆ ವರ್ಷಕ್ಕೆ ಆಗುವಷ್ಟು ಸಿಟ್ಟು ಆ ತಿಂಗಳಲ್ಲೇ ಖರ್ಚಾಗಿ ಹೋಗಿತ್ತು.

ಪಕ್ಕದ ಜಿಲ್ಲೆಯಲ್ಲಿ ಸೋಂಕು ಏರತೊಡಗಿದಾಗ, ನಿಮ್ಮ ಶಾಲೆಯನ್ನು ಆರೈಕೆ ಕೇಂದ್ರ ಮಾಡುತ್ತೇವೆ, ಕೋಣೆಗಳನ್ನು ಖಾಲಿ ಮಾಡಿ ಎಂದಿದ್ದರು. ಜವಾನನ ಜೊತೆ ಅವಳೂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತು ಬೆಂಚುಗಳನ್ನೆಲ್ಲ ಅಂಗಳಕ್ಕೆ ಎಳೆಸಿದಳು. ಬೆನ್ನುನೋವು ಇಳಿಯುವ ಮೊದಲೇ ಶಿಕ್ಷಣ ಕಚೇರಿಯವರ ಫೋನು: ಪರೀಕ್ಷೆ ಮುಂದೂಡುವ ಮಾತೇ ಇಲ್ಲ, ಬೆಂಚು ಒಳಗಿಡಿ. ಒಳಗಿಟ್ಟಾಯಿತು. ಈಗ ಸೋಂಕು ಜಿಲ್ಲೆ ದಾಟಿ ಬಂದು ಊರೊಳಗೇ ಕಾಲು ಚಾಚಿ ಕೂತಿತ್ತು. ದೊಡ್ಡಾಸ್ಪತ್ರೆಯ ವರಾಂಡದಲ್ಲೂ ರೋಗಿಗಳು ಮಲಗಿದ್ದರು. ಪರೀಕ್ಷೆ ರದ್ದು, ಬೆಂಚು ಹೊರಗೆ.

"ಸರ್, ಬೆಂಚಿಗೆ ನಾಲ್ಕು ಕಾಲಿವೆ ನಿಜ. ಹಾಗಂತ ದಿನಾ ವಾಕಿಂಗ್ ಕರ್ಕೊಂಡು ಹೋಗ್ಬೇಕಾ?" ಎಂದು ಅವಳು ಕೇಳಿದಳು.

ಆ ಕಡೆ ಇದ್ದ ಅಧಿಕಾರಿ ಇನ್ನೂ ಚಿಕ್ಕ ವಯಸ್ಸಿನವನು. ಮಾತಾಡಿ ಮಾತಾಡಿ ಅವನ ಗಂಟಲು ಕಟ್ಟಿತ್ತು. "ಮೇಡಂ, ನನಗೆ ಹೇಳಿದ್ದನ್ನ ನಾನು ನಿಮಗೆ ಹೇಳ್ತಿದ್ದೀನಿ. ಇದರಲ್ಲಿ ನನ್ನದೇನಿದೆ?"

"ಯಾರದೂ ಏನೂ ಇಲ್ಲ. ಅದೇ ತಾನೆ ಕಷ್ಟ."

ಫೋನಿಟ್ಟಾಗ ಜವಾನ ಆಗಲೇ ಒಂದು ಬೆಂಚಿನ ತುದಿ ಹಿಡಿದು ನಿಂತಿದ್ದ. "ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಪೈಕಿ ಇವ್ರು. ಹಿಡ್ಕೊಳ್ಳಿ ಮೇಡಂ ಆ ಕಡೆ," ಎಂದ.

ಮೇಲಿನವರ ಕಥೆ ಅದಾದರೆ ಬೀದಿಯವರ ಕಥೆ ಇನ್ನೊಂದು. ಶಾಲೆಯ ಗೇಟಿಗೆ ಎದುರಾಗಿಯೇ ಅವಳ ಅಕ್ಕನ ಮನೆ. ಅಕ್ಕನ ಗಂಡ ಬಸ್ ಕಂಡಕ್ಟರಾಗಿ ನಿವೃತ್ತರಾದವರು. ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲಿಂದ ಮುಂದಿನ ಬಾಗಿಲಿಗೆ ಕೇಳಿಸುತ್ತಿದ್ದ ಗಂಟಲು ಈಗ ಕೆಲಸವಿಲ್ಲದೆ ಮನೆಯಲ್ಲಿ ಕೂತಿತ್ತು. ಶಾಲೆಗೆ ರೋಗಿಗಳನ್ನು ತರುತ್ತಾರೆ ಎಂಬ ಸುದ್ದಿ ಬಂದದ್ದೇ ತಡ, ಆ ಗಂಟಲಿಗೆ ಕೆಲಸ ಸಿಕ್ಕಿತು. ಬೀದಿಯ ಸಂಘಕ್ಕೆ ಭಾವನೇ ಮುಂದಾಳು. ಒಂದು ಬೆಳಿಗ್ಗೆ ಅವಳು ಬಂದಾಗ ಗೇಟಿನ ಮುಂದೆ ಬೀದಿಗೆ ಬೀದಿಯೇ ನೆರೆದಿತ್ತು. ಅರ್ಧ ಜನರ ಮಾಸ್ಕು ಗಲ್ಲದ ಕೆಳಗೆ, ಇನ್ನರ್ಧ ಜನರದು ಜೇಬಿನಲ್ಲಿ. ಒಬ್ಬರ ಭುಜಕ್ಕೆ ಒಬ್ಬರು ಭುಜ ಕೊಟ್ಟು, "ನಮ್ಮ ಬೀದಿಗೆ ರೋಗ ಬೇಡ!" ಎಂದು ಕೂಗುತ್ತಿದ್ದರು.

"ಭಾವ, ಮೊದಲು ಮೂಗು ಮುಚ್ಕೊಳ್ಳಿ," ಎಂದಳು ಅವಳು.

"ಮಾಸ್ಕ್ ಹಾಕ್ಕೊಂಡು ಕೂಗಿದ್ರೆ ಕೇಳ್ಸಲ್ಲ ಮೇಡಂನೋರೆ!" ಭಾವ ಅವಳನ್ನು ಮೇಡಂನೋರೆ ಎಂದರೆ ಕಾಲು ಕೆದರಿ ನಿಂತಿದ್ದಾರೆಂದೇ ಲೆಕ್ಕ. "ಊರಲ್ಲಿ ಇಷ್ಟೊಂದು ಜಾಗ ಇದೆ, ನಮ್ಮ ಮನೆ ಬಾಗಿಲೇ ಬೇಕಾಗಿತ್ತಾ ನಿಮ್ಮ ಸರ್ಕಾರಕ್ಕೆ?"

"ನನ್ನ ಸರ್ಕಾರ ಯಾವಾಗಾಯ್ತು ಅದು? ಓಟು ಹಾಕೋಕೆ ಮೆರವಣಿಗೆಯಲ್ಲಿ ಹೋದವರು ನೀವು."

ಗುಂಪಿನಲ್ಲಿ ಯಾರೋ ನಕ್ಕರು. ಶಾಲೆಯ ಗೋಡೆಗೆ ಅಂಟಿಕೊಂಡೇ ಇದ್ದ ಸೈಕಲ್ ಅಂಗಡಿಯವನು ಮಾತ್ರ ನಗದೆ, "ನೀವು ಸಂಜೆ ನಿಮ್ಮ ಮನೆಗೆ ಹೋಗ್ತೀರಿ ಟೀಚರ್. ನಾವು ಇಲ್ಲೇ ಉಸಿರಾಡ್ಬೇಕಲ್ಲ," ಎಂದ. ಭಯವನ್ನು ಬೈದು ಓಡಿಸಲು ಆಗುವುದಿಲ್ಲವೆಂದು ಇಷ್ಟು ವರ್ಷ ಮಕ್ಕಳ ಜೊತೆ ಇದ್ದವಳಿಗೆ ಗೊತ್ತಿತ್ತು.

ಪೊಲೀಸರು ಬಂದು ಗುಂಪು ಚದುರಿಸಿದರು. ಚದುರಿದ ಗುಂಪು ಮೂಲೆಯ ಚಹಾದಂಗಡಿಯಲ್ಲಿ ಇನ್ನಷ್ಟು ಒತ್ತೊತ್ತಾಗಿ ಸೇರಿತು.

ಮಂಚಗಳು ಬಂದವು. ಹಾಸಿಗೆಗಳು ತಡವಾಗಿ ಬಂದವು. ಆಕ್ಸಿಜನ್ ಸಿಲಿಂಡರುಗಳು ಬಂದು ವಿಜ್ಞಾನದ ಕೋಣೆಯಲ್ಲಿ ಎಲುಬಿನ ಚಿತ್ರಪಟದ ಕೆಳಗೆ ಸಾಲಾಗಿ ನಿಂತವು. ಬೇರೆ ಊರಿಂದ ಒಬ್ಬ ನರ್ಸ್ ಬಂದಳು. ಮಾತು ಕಡಿಮೆ, ನೋಟ ಚೂಪು. ಡಾಕ್ಟರ್ ದಿನಕ್ಕೊಮ್ಮೆ ಬಂದು ಹೋಗುತ್ತಾರೆ ಎಂದರು. ಎಲ್ಲ ಸಿದ್ಧವಾಯಿತು ಎಂದುಕೊಳ್ಳುವಷ್ಟರಲ್ಲಿ ಅಧಿಕಾರಿಯ ಫೋನು ಬಂತು.

"ಯಾರನ್ನೂ ಇನ್ನೂ ಸೇರಿಸ್ಕೋಬೇಡಿ ಮೇಡಂ. ಮಂತ್ರಿಗಳು ಬಂದು ಉದ್ಘಾಟನೆ ಮಾಡ್ಬೇಕಂತೆ."

"ಯಾವಾಗ ಬರ್ತಾರಂತೆ?"

"ಸಮಯ ಕೇಳಿದ್ದೀವಿ."

"ರೋಗಕ್ಕೂ ಸಮಯ ಕೇಳಿದ್ದೀರಾ?"

ಮಂತ್ರಿಗಳ ಬದಲು ಮಂತ್ರಿಗಳ ಕಮಾನು ಬಂತು. ಹೂಕುಂಡ, ನೆಲಹಾಸು, ಬಣ್ಣದ ಬಟ್ಟೆ ಎಲ್ಲ ಬಂದವು. ಒಳಗೆ ಮಂಚಗಳು ಬೋಳು ಬೋಳಾಗಿ ಕಾಯುತ್ತಿದ್ದವು. ದೊಡ್ಡಾಸ್ಪತ್ರೆಯ ಗೇಟಿನಿಂದ ಜನರನ್ನು ಜಾಗವಿಲ್ಲ ಎಂದು ವಾಪಸು ಕಳಿಸುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದರೆ ಇದೇ ಇರಬೇಕು ಎಂದು ಅವಳು ಹಲ್ಲು ಕಚ್ಚಿದಳು.

ಹಾಗಿರುವಾಗ ಒಂದು ಮಧ್ಯಾಹ್ನ ಅಕ್ಕ ಫೋನು ಮಾಡಿದಳು. ಎದುರು ಮನೆಯವಳು, ಕಿಟಕಿಯಿಂದ ಕೂಗಿದರೆ ಸಾಕಿತ್ತು. ಆದರೆ ದನಿಯೇ ಏಳುತ್ತಿರಲಿಲ್ಲ.

"ಚಿನ್ನೀ, ಇವ್ರಿಗೆ ಉಸಿರು ಸಿಕ್ತಿಲ್ಲ ಕಣೇ. ಬೆಳಿಗ್ಗೆಯಿಂದ ಆಸ್ಪತ್ರೆ ಸುತ್ತಿ ವಾಪಸ್ ಬಂದ್ವಿ. ಎಲ್ಲೂ ಒಳಗೇ ಬಿಡ್ಲಿಲ್ಲ."

"ಜ್ವರ ಯಾವಾಗಿಂದ?"

"ಶುರುವಾಗಿ ಸುಮಾರು ದಿನ ಆಯ್ತು. ಬೀದಿಯವರಿಗೆ ಗೊತ್ತಾದ್ರೆ ಮರ್ಯಾದೆ ಹೋಗುತ್ತೆ, ಹೇಳ್ಬೇಡ ಅಂದ್ರು."

ಅವಳ ನಾಲಿಗೆಯ ತುದಿಗೆ ಏನೇನೋ ಬಂತು. ಎಲ್ಲವನ್ನೂ ನುಂಗಿ, "ಕರ್ಕೊಂಡು ಬಾ," ಎಂದಳು.

ನರ್ಸ್ ಬಾಗಿಲಲ್ಲಿ ಅಡ್ಡ ನಿಂತಳು. "ಮೇಡಂ, ಆರ್ಡರ್ ಇಲ್ಲ. ನಾಳೆ ನನ್ನ ಕೆಲಸಕ್ಕೇ ಕುತ್ತು."

"ನಾನೇ ಬೀಗ ತೆಗೆದೆ ಅಂತ ಹೇಳಿ. ಸುಳ್ಳೇನಲ್ಲವಲ್ಲ."

ಜವಾನ ಮತ್ತು ಅಕ್ಕ ಎರಡೂ ಕಡೆ ಹಿಡಿದು ಭಾವನನ್ನು ತಂದರು. ಅಷ್ಟು ದೊಡ್ಡ ಗಂಟಲಿನ ಮನುಷ್ಯನ ತುಟಿ ನೀಲಿ ತಿರುಗಿತ್ತು. ಯಾವ ರೋಗ ಬೀದಿಗೆ ಬೇಡ ಎಂದಿದ್ದರೋ ಅದು ಶಾಲೆಗೆ ಬರುವ ಮೊದಲೇ ಅವರ ಮನೆ ಹೊಕ್ಕಿತ್ತು. ನರ್ಸ್ ಅವರ ಬೆರಳಿಗೆ ಆಕ್ಸಿಜನ್ ಅಳೆಯುವ ಯಂತ್ರ ಸಿಕ್ಕಿಸಿ ನೋಡಿದಳು. ಅದರಲ್ಲಿ ಏನು ಕಂಡಿತೋ, ಆಮೇಲೆ ಆರ್ಡರಿನ ಮಾತೆತ್ತಲಿಲ್ಲ. ಡಾಕ್ಟರಿಗೆ ಫೋನು ಮಾಡಿಕೊಂಡೇ ವಿಜ್ಞಾನದ ಕೋಣೆಗೆ ಓಡಿದಳು. ಅಲ್ಲಿಂದ ಅವಳ ಕೂಗು ಕೇಳಿಸಿತು.

"ಸಿಲಿಂಡರ್ ತೆರೆಯೋ ಪಾನಾ ಎಲ್ಲಿ?"

ಪಾನಾ ಇರಲಿಲ್ಲ. ಕಮಾನು ಕಳಿಸಿದವರು, ಹೂಕುಂಡ ಕಳಿಸಿದವರು ಒಂದು ಪಾನಾ ಕಳಿಸಿರಲಿಲ್ಲ. ಅಷ್ಟು ಸಿಲಿಂಡರುಗಳ ಹೊಟ್ಟೆ ತುಂಬ ಉಸಿರು, ಬಾಯಿ ಬಿಡಿಸುವವರಿಲ್ಲ. ಜವಾನ ಕೈಯಲ್ಲೇ ತಿರುಗಿಸಲು ಹೋಗಿ ಅಂಗೈ ಸುಲಿದುಕೊಂಡ. ದೊಡ್ಡ ಟೀಚರ್ ಹಿತ್ತಿಲ ಗೋಡೆಯ ಹತ್ತಿರ ಓಡಿ, ಅಲ್ಲೇ ಬಿದ್ದಿದ್ದ ಬೆಂಚಿನ ಮೇಲೆ ಹತ್ತಿ ಆಚೆ ಇಣುಕಿದಳು. ಸೈಕಲ್ ಅಂಗಡಿಯವನು ಚಕ್ರವೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಪಾನಾ ಕೊಡಪ್ಪಾ! ಬೇಗ! ಆಕ್ಸಿಜನ್ ಸಿಲಿಂಡರ್ ತೆಗೀಬೇಕು!"

ಅವನು ತಲೆಯೆತ್ತಿ ನೋಡಿದ. "ಯಾರನ್ನ ಸೇರಿಸ್ಕೊಂಡ್ರಿ? ಸೇರಿಸ್ಬಾರ್ದು ಅಂತ ಸಂಘದಲ್ಲಿ ತೀರ್ಮಾನ ಆಗಿತ್ತಲ್ಲ?"

"ನಿಮ್ಮ ಸಂಘದ ಮುಂದಾಳನ್ನೇ!"

ಅವನ ಬಾಯಿ ತೆರೆದೇ ಉಳಿಯಿತು. ತೊಡೆಯ ಮೇಲಿದ್ದ ಚಕ್ರ ಉರುಳಿ ಹೋಯಿತು. ಒಂದು ನಿಮಿಷಕ್ಕೆ ಗೋಡೆಯ ಮೇಲಿಂದ ಎಣ್ಣೆಬಟ್ಟೆಯಲ್ಲಿ ಸುತ್ತಿದ ಗಂಟೊಂದು ಹಾರಿ ಬಂದು ಅವಳ ಕಾಲ ಬಳಿ ಬಿತ್ತು. ಇದ್ದಬದ್ದ ಪಾನಾಗಳನ್ನೆಲ್ಲ ಅವನು ಎಸೆದುಬಿಟ್ಟಿದ್ದ. ಗಂಟಿನ ಹಿಂದೆಯೇ ಅವನ ದನಿ ಬಂತು: "ಯಾವುದು ಕೂರುತ್ತೋ ನೋಡಿ! ಕೂರ್ಲಿಲ್ಲ ಅಂದ್ರೆ ನಾನೇ ಬರ್ತೀನಿ!"

ಒಂದು ಕೂತಿತು. ಸಿಲಿಂಡರು ಬುಸ್ಸೆಂದಾಗ ಅಕ್ಕ ಕಪ್ಪುಹಲಗೆಗೆ ಒರಗಿ ಕುಸಿದಳು.

ಬಾಗಿಲು ತೆರೆದಿದೆ ಎಂಬ ಸುದ್ದಿ ಯಾರೂ ಡಂಗುರ ಸಾರದೆಯೇ ಹರಡಿತು. ಎರಡು ದಿನ ಕಳೆಯುವುದರೊಳಗೆ ಮಂಚಗಳು ತುಂಬಿದವು. ಭಾವನ ಪಕ್ಕದ ಮಂಚಕ್ಕೆ ಬಂದವನು ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿ. ಸುಸ್ತಿನ ನಡುವೆಯೂ ಅವನು ಕಿಟಕಿಯ ಪರದೆ ನೋಡಿ, "ಇದನ್ನ ಯಾರು ಹೊಲಿದಿದ್ದು ಟೀಚರ್? ಅಂಚೇ ಸೊಟ್ಟ," ಎಂದ.

"ವಾಸಿಯಾಗಿ ಎದ್ದು ನೀವೇ ಬಿಚ್ಚಿ ಹೊಲೀರಿ," ಎಂದಳು ಅವಳು.

ಮಂತ್ರಿಗಳಿಗೆ ಸಮಯ ಸಿಕ್ಕಿತು. ಅಧಿಕಾರಿ ಬೆಳಿಗ್ಗೆಯೇ ಓಡಿಬಂದ. ಅವನ ಕಣ್ಣು ಕೆಂಪಗಿತ್ತು, ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡಿದ್ದ.

"ಏನ್ ಮೇಡಂ ಇದು? ಖಾಲಿ ವಾರ್ಡ್ ಉದ್ಘಾಟನೆ ಅಂತ ಹೇಳಿದ್ದೀವಿ. ಒಂದರ್ಧ ಗಂಟೆ ಇವರನ್ನೆಲ್ಲ ಹಿಂದಿನ ಅಂಗಳದಲ್ಲಿ ಕೂರಿಸಿ."

ಅವಳು ಅವನ ಮುಖವನ್ನೇ ನೋಡಿದಳು. ಬೈಯಬೇಕೆಂದು ಬಾಯಿ ತೆರೆದಳು. ತೆರೆದ ಬಾಯಿಂದ, "ಬನ್ನಿ, ನೀವೇ ಕೇಳಿ. ಕೈಕಾಲಲ್ಲಿ ಶಕ್ತಿ ಇದ್ದವರು ಎದ್ದು ಬರ್ತಾರೆ," ಎಂಬ ಮಾತು ಬಂತು.

ಅವನು ಬಾಗಿಲ ತನಕ ಬಂದ. ಒಳಗೆ ದರ್ಜಿ ಮೀನಿನ ಹಾಗೆ ಬಾಯಿ ಬಿಡುತ್ತಿದ್ದ. ಅಧಿಕಾರಿ ಅಲ್ಲೇ ನಿಂತ. "ನಮ್ಮಮ್ಮನಿಗೂ ಹೀಗೇ ಆಗಿದೆ ಮೇಡಂ. ನೋಡೋಕೆ ಹೋಗೋಕೂ ರಜಾ ಇಲ್ಲ," ಎಂದು ಮೆಲ್ಲಗೆ ಹೇಳಿದ. "ಗೇಟಿನ ಹತ್ರಾನೇ ರಿಬ್ಬನ್ ಕಟ್ಟಿಸ್ತೀನಿ. ಮಂತ್ರಿಗಳನ್ನ ಒಳಗೆ ಬಿಡಲ್ಲ."

"ಸಿಲಿಂಡರ್ ಮುಗೀತಾ ಬಂತು. ಗಾಡಿ ಎಲ್ಲಿ?"

"ಹೊರಟಿದೆ. ಈಗ ಬಂದುಬಿಡುತ್ತೆ."

ಗಾಡಿ ಹೊರಟದ್ದು ನಿಜ. ಬೀದಿಯ ತುದಿಗೆ ಬಂದದ್ದೂ ನಿಜ. ಆದರೆ ಅಷ್ಟರಲ್ಲಿ ಮಂತ್ರಿಗಳೂ ಬಂದಿದ್ದರು. ಅವರ ಕಾರುಗಳು, ಆ ಕಾರುಗಳ ಹಿಂದಿನ ಕಾರುಗಳು, ಮಂತ್ರಿಗಳನ್ನು ನೋಡಲು ಬಂದ ಜನ, ಆ ಜನರನ್ನು ನೋಡಲು ಬಂದ ಜನ. ಮಂತ್ರಿಗಳು ಕಮಾನಿನ ಕೆಳಗೆ ನಿಂತು, ಯಾರೂ ಗುಂಪು ಸೇರಬಾರದು ಎಂದು ಮೈಕಿನಲ್ಲಿ ಉದ್ದಕ್ಕೂ ಹೇಳಿದರು. ಗುಂಪು ಚಪ್ಪಾಳೆ ತಟ್ಟಿತು. ದೊಡ್ಡ ಟೀಚರ್ ಜನರನ್ನು ಮೊಣಕೈಯಿಂದ ತಳ್ಳಿಕೊಂಡು, ದಾರಿ ಬಿಡಿ, ದಾರಿ ಬಿಡಿ ಎಂದು ಬೀದಿಯ ತುದಿಗೆ ಹೋದಳು. ಗಾಡಿಯ ಡ್ರೈವರ್ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಕೂತಿದ್ದ. "ಹಾರ್ನ್ ಹೊಡೀಬೇಡ, ಭಾಷಣ ನಡೀತಿದೆ ಅಂದ್ರು ಪೊಲೀಸ್ನೋರು," ಎಂದ.

ಸೈಕಲ್ ಅಂಗಡಿಯವನೂ ಜವಾನನೂ ಬಂದರು. ಗುಂಪಿನಲ್ಲಿದ್ದ ನಾಲ್ಕಾರು ಜನರೂ ಕೈ ಹಾಕಿದರು. ಸಿಲಿಂಡರುಗಳನ್ನು ನೆಲದ ಮೇಲೆ ಉರುಳಿಸಿಕೊಂಡು, ಹೂಕುಂಡಗಳನ್ನು ಒದ್ದುಕೊಂಡು ಒಳಗೆ ತಂದರು. ಆ ಸದ್ದಿಗೆ ಮಂತ್ರಿಗಳು ಒಂದು ಕ್ಷಣ ಭಾಷಣ ನಿಲ್ಲಿಸಿ, ಆಮೇಲೆ ಮುಂದುವರಿಸಿದರು.

ದರ್ಜಿ ಆ ಸಂಜೆ ತೀರಿಕೊಂಡ. ಗಾಡಿ ಬೇಗ ಬಂದಿದ್ದರೆ ಉಳಿಯುತ್ತಿದ್ದನೇ ಎಂದು ಅವಳು ಡಾಕ್ಟರನ್ನು ಕೇಳಿದಳು. "ಉಳೀತಿದ್ರು ಅಂತಾನೂ ಹೇಳಕ್ಕಾಗಲ್ಲ, ಇಲ್ಲ ಅಂತಾನೂ ಹೇಳಕ್ಕಾಗಲ್ಲ," ಎಂದು ಡಾಕ್ಟರ್ ಕೈಗವಸು ಬಿಚ್ಚಿದರು.

ಭಾವ ಬದುಕಿದರು. ಮನೆಗೆ ಹೋಗುವ ದಿನ ಅವರ ಗಂಟಲು ಅರ್ಧ ಮರಳಿತ್ತು. ಆ ಅರ್ಧದಲ್ಲೇ ಗಂಜಿಗೆ ಉಪ್ಪಿಲ್ಲ, ನರ್ಸಿಗೆ ನಗು ಗೊತ್ತಿಲ್ಲ ಎಂದು ದೂರಿದರು. ಒಂದು ಥ್ಯಾಂಕ್ಸ್ ಇಲ್ಲ, ಒಂದು ತಪ್ಪಾಯಿತು ಇಲ್ಲ. ಬಾಗಿಲ ಹತ್ತಿರ ಮಾತ್ರ ನಿಂತು, ದರ್ಜಿ ಮಲಗಿದ್ದ ಪಕ್ಕದ ಮಂಚದ ಕಡೆ ಕೈ ತೋರಿಸಿ, "ಅವನು ರಾತ್ರಿಯೆಲ್ಲ ನನ್ನ ಜೊತೆ ಮಾತಾಡ್ತಿದ್ದ ಕಣಮ್ಮ," ಎಂದರು. ಮೇಡಂನೋರೆ ಎನ್ನಲಿಲ್ಲ. ಅಕ್ಕ ಅವರ ತೋಳು ಹಿಡಿದು ಬೀದಿ ದಾಟಿಸಿದಳು.

ಮರುದಿನ ಬೆಳಿಗ್ಗೆ ದೊಡ್ಡ ಟೀಚರ್ ದರ್ಜಿಯ ಮನೆಗೆ ಹೋದಳು. ಹೊಸಿಲಾಚೆಯೇ ಹೊಲಿಗೆ ಯಂತ್ರ. ಅದರ ಸೂಜಿಯ ಕೆಳಗೆ ಅರ್ಧ ಹೊಲಿದ ನೀಲಿ ತೋಳು ಹಾಗೇ ಸಿಕ್ಕಿಕೊಂಡಿತ್ತು. ದರ್ಜಿಯ ಹೆಂಡತಿ ಬಾಗಿಲಲ್ಲಿ ಕೂತಿದ್ದಳು. ಅಳು ಮುಗಿದ ಮುಖ.

"ಏನು ಹೇಳ್ಬೇಕೋ ಗೊತ್ತಾಗ್ತಿಲ್ಲಮ್ಮ," ಎಂದಳು ಟೀಚರ್, ದೂರದಲ್ಲೇ ನಿಂತು.

"ಹೇಳೋರು ಬೇಕಾದಷ್ಟು ಜನ ಬಂದ್ರು. ಆಸ್ಪತ್ರೆಯವರನ್ನ ಕೇಳಿದ್ರೆ ಆರೋಗ್ಯ ಕಚೇರಿ ಅಂದ್ರು. ಕಚೇರಿಯವರು ಮೇಲಿನವರು ಅಂದ್ರು. ಮೇಲಿನವರನ್ನ ನಾನೆಲ್ಲಿ ಹುಡುಕ್ಲಿ? ನನಗೆ ಯಾರನ್ನಾದ್ರೂ ಬೈಬೇಕು ಟೀಚರ್. ಹೊಟ್ಟೆ ಉರೀತಿದೆ. ಯಾರನ್ನ ಬೈಲಿ, ನೀವಾದ್ರೂ ಹೇಳಿ."

ಟೀಚರ್ ಯೋಚಿಸಿದಳು. ಒಬ್ಬೊಬ್ಬರ ಮುಖವೂ ಕಣ್ಣ ಮುಂದೆ ಬಂತು. ಒಬ್ಬೊಬ್ಬರ ಬಾಯಲ್ಲೂ ಒಂದೊಂದು ಸಬೂಬು ಸಿದ್ಧವಿತ್ತು. ಅವಳು ಅಂಗಳದ ಕಟ್ಟೆಯ ಮೇಲೆ ಕೂತಳು.

"ನನ್ನನ್ನೇ ಬೈಯಮ್ಮ. ನಾನು ಇಲ್ಲೇ ಕೂತಿರ್ತೀನಿ."

ಆ ಹೆಂಗಸು ಶುರುಮಾಡಿದಳು. ಮೆಲ್ಲಗೆ ಶುರುವಾದದ್ದು ಏರುತ್ತಾ ಹೋಯಿತು. ಶಾಲೆಯನ್ನು ಬೈದಳು, ಸರ್ಕಾರವನ್ನು ಬೈದಳು, ಬೀದಿಯನ್ನು, ಭಾಷಣವನ್ನು, ಕೈ ತಟ್ಟಿದವರನ್ನು, ಹೇಳದೆ ಕೇಳದೆ ಹೋದ ಗಂಡನನ್ನೂ ಬಿಡಲಿಲ್ಲ. ಅಕ್ಕಪಕ್ಕದ ಕಿಟಕಿಗಳು ತೆರೆದವು. ಟೀಚರ್ ತಲೆ ತಗ್ಗಿಸದೆ ಅಷ್ಟನ್ನೂ ಕೇಳಿಸಿಕೊಂಡಳು.