ನೊರೆ ಇಳಿಯುವವರೆಗೆ

ಚಹಾದ ಮೇಲೆ ನೊರೆ ಕಂಡರೆ ನನಗೆ ಕುಡಿಯಲಾಗುವುದಿಲ್ಲ, ಆರು ವಾರದಿಂದ ಹೀಗೆ, ಯಾರಿಗೂ ಹೇಳಿಲ್ಲ, ಡೈರಿಯಲ್ಲೂ ಬರೆದಿಲ್ಲ — ಮಣ್ಣಿನ ಕುಡಿಕೆಯ ಅಂಚಿಗಂಟಿದ ಕಂದು ಗುಳ್ಳೆಗಳು ಒಂದೊಂದೇ ಒಡೆಯುತ್ತವೆ, ಎಲ್ಲ ಒಡೆಯಲಿ ಎಂದು ಕಾಯುತ್ತಾ ಕೂತಿದ್ದೇನೆ, ಲ್ಯಾಬಿನ ಮುಖ್ಯಸ್ಥ ಗುಹ ಸರ್ ಮಾತಾಡುತ್ತಿದ್ದಾರೆ, ಪರದೆಯ ಮೇಲೆ ಪಿಎಚ್‌ಡಿ ಮಾಡುತ್ತಿರುವ ಪೂರ್ವಿ-ದೀಯ ಗ್ರಾಫು, ಮೇಲೇರಬೇಕಾದ ಗೆರೆ ಏರದೆ ನೆಲಕ್ಕಂಟಿಕೊಂಡೇ ಹೋಗಿದೆ, ನಿನ್ನ ಅಣು ಅಂಟ್ತಾ ಇಲ್ಲ ಪೂರ್ವಿ, ಆರು ಸಲ ಮಾಡಿದ್ದೀಯ, ಆರು ಸಲಾನೂ ಇಲ್ಲ, ಪ್ರಬಂಧದಿಂದ ಈ ಅಧ್ಯಾಯ ಬಿಟ್ಟುಬಿಡು. ನಾಲ್ಕು ವರ್ಷದ ಅಧ್ಯಾಯ. ಬಿಟ್ಟುಬಿಡು ಎನ್ನಲು ಎಷ್ಟು ಹೊತ್ತು ಬೇಕು, ಹೊರಗೆ ಕೋಲ್ಕತ್ತದ ಬಾರಾನಗರದ ಆಟೋಗಳು ಹಾರ್ನ್ ಹೊಡೆಯುತ್ತಲೇ ಇವೆ, ಪೂರ್ವಿ-ದೀ ಪೆನ್ನಿನ ಮುಚ್ಚಳ ತೆಗೆಯುತ್ತಾಳೆ, ಹಾಕುತ್ತಾಳೆ, ಮುಚ್ಚಳ — ಆರು ವಾರದ ಹಿಂದೆ ಆ ಕೊಳವೆಯ ಮುಚ್ಚಳ ತೆಗೆದವಳು ನಾನು. ಕಿರುಬೆರಳಿನಷ್ಟು ಕೊಳವೆ, ತಳದಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು ಬಿಳಿ ಪುಡಿ, ಮನುಷ್ಯನ ರಕ್ತದ ಕಾವಲು ಕೋಶಗಳ ಮೈಮೇಲಿರುವ ಗ್ರಾಹಕ ಪ್ರೋಟೀನು, ಯಾವುದೋ ದೇಶದಲ್ಲಿ ಬೇರೆ ಕೋಶಗಳೊಳಗೆ ಅದರ ಜೀನ್ ಸೇರಿಸಿ, ಬೆಳೆಸಿ, ಒಣಗಿಸಿ, ಐಸಿನಲ್ಲಿ ಹುಗಿದು ಕಳಿಸಿದ್ದು, ಪೂರ್ವಿ-ದೀ ರೂಪಿಸಿದ ಅಣು ಹೋಗಿ ಅಂಟಬೇಕಾದದ್ದು ಇದಕ್ಕೇ. ನೀರು ಹಾಕಿ ಸುಮ್ಮನೆ ಬಿಡಬೇಕು, ತನ್ನಷ್ಟಕ್ಕೆ ಕರಗುತ್ತದೆ, ಅಲ್ಲಾಡಿಸಬಾರದು, ಅಲ್ಲಾಡಿಸಿದರೆ ನೊರೆ, ನೊರೆಯೆದ್ದರೆ ಅದರ ಮಡಿಕೆಗಳು ಬಿಚ್ಚಿಕೊಳ್ಳುತ್ತವೆ, ಆಮೇಲೆ ಅದು ಏನನ್ನೂ ಹಿಡಿಯಲಾರದು, ಗೊತ್ತಿತ್ತು ನನಗೆ, ಜೊತೆಗೆ ಬಂದ ಕಾಗದದಲ್ಲಿ ದಪ್ಪಕ್ಷರದಲ್ಲಿತ್ತು, ಓದಿದ್ದೆ, ಓದಿಯೂ ಕೈ — ಕೈಗೆ ಬೇರೇನೋ ಗೊತ್ತಿತ್ತು, ಬಾಲಿಗಂಜ್‌ನ ನಮ್ಮ ರೈಲ್ವೆ ಕ್ವಾರ್ಟರ್ಸಿನಲ್ಲಿ ಆವತ್ತು ಬೆಳಿಗ್ಗೆಯೂ ಅಡುಗೆಮನೆಯಿಂದ ಅವ್ವ ಕೂಗಿದ್ದಳು, ಅಪ್ಪಾರಿಗೆ ಔಷಧ ಕೊಡೂಮುಂದ ಬಾಟ್ಲಿ ಛಲೋತಂಗ ಅಲ್ಲಾಡ್ಸವ್ವಾ, ಇಲ್ಲಾಂದ್ರ ಸತ್ವ ಎಲ್ಲಾ ತಳದಾಗ ಉಳೀತದ, ಹನ್ನೆರಡು ವರ್ಷದಿಂದ ದಿನಕ್ಕೆರಡು ಸಲ ಅಲ್ಲಾಡಿಸಿದ ಕೈ, ತಳದಲ್ಲಿ ಬಿಳಿ ಕಂಡಿತು, ಅಲ್ಲಾಡಿಸಿತು. ನಾಲ್ಕೇ ಸಲ. ಐದಿರಬಹುದು. ಬೆಳಕಿಗೆ ಹಿಡಿದೆ, ಕತ್ತಿನವರೆಗೂ ನೊರೆ.

ಐಸಿನ ಮೇಲಿಟ್ಟು ಅರ್ಧ ಗಂಟೆ ನೋಡುತ್ತಾ ಕೂತೆ, ನೊರೆ ಇಳಿಯಿತು, ನೀರು ತಿಳಿಯಾಯಿತು, ಎಷ್ಟು ತಿಳಿ ಅಂದರೆ ಏನೂ ಆಗಿಯೇ ಇಲ್ಲ ಎಂಬಷ್ಟು, ಇಪ್ಪತ್ತು ಪುಟ್ಟ ಕೊಳವೆಗಳಿಗೆ ಹಂಚಿದೆ, ಇಪ್ಪತ್ತರ ಮೇಲೂ ನನ್ನ ಸಣ್ಣ ಅಕ್ಷರ, ಲ್ಯಾಬಿನ ಪುಸ್ತಕದಲ್ಲಿ ಬರೆದೆ, ಸಂಪೂರ್ಣ ಕರಗಿದೆ — ಅದು ಸುಳ್ಳಲ್ಲ, ಕರಗಿತ್ತು. ಮರುದಿನ ಪೂರ್ವಿ-ದೀ ಕೇಳಿದಳು, ಕೀ ರೇ ನಿಹಾರಿಕಾ, ಎಲ್ಲಾ ಸರಿ ಹೋಯ್ತಾ, ತಲೆಯಾಡಿಸಿದೆ, ಅವಳು ನಕ್ಕು ಗುಹ ಸರ್‌ಗೆ ಹೇಳಿದಳು, ಈ ಮೂಗಿ ಮುಟ್ಟಿದ್ದನ್ನ ಕಣ್ಮುಚ್ಚಿ ನಂಬಬಹುದು ಸರ್, ಇವಳ ಕೈ ಅಷ್ಟು ಚೊಕ್ಕ, ನನ್ನದಾದರೆ ದೇವರೇ ಗತಿ. ಆ ಮಾತನ್ನು ಮಾತ್ರ ಡೈರಿಯಲ್ಲಿ ಬರೆದುಕೊಂಡೆ, ತಾರೀಖು ಹಾಕಿ, ಕೆಳಗೆ ಗೆರೆ ಎಳೆದು. ನನಗಿರುವುದು ಅದೊಂದೇ, ಜನರೆದುರು ಬಾಯಿ ಬಿಡಲಾಗದವಳಿಗೆ ಕೈಯಾದರೂ ಚೊಕ್ಕ ಇರಬೇಡವೇ, ಅದೂ ಹೋದರೆ — ಇವತ್ತು ಮೆಟ್ರೋದಲ್ಲಿ ಹತ್ತು ಸಲ ಹೇಳಿಕೊಂಡೆ, ಬೆಳಿಗ್ಗೆಯೇ ಹೇಳಿಬಿಡುತ್ತೇನೆ, ಮೀಟಿಂಗಿಗೆ ಮೊದಲು, ಇಬ್ಬರೇ ಇರುವಾಗ, ಅವಳು ಬಂದಳು, ಎಲ್ಲರಿಗೂ ಕುಡಿಕೆಗಳಲ್ಲಿ ಚಹಾ ತಂದಳು, ತಗೋ, ನಿನಗೆ ಸಕ್ಕರೆ ಕಡಿಮೆ ಹಾಕಿಸಿದ್ದೀನಿ ಅಂದಳು, ನಾನು ತಗೊಂಡೆ.

ಸರಿ ಸರ್, ಎನ್ನುತ್ತಿದ್ದಾಳೆ ಪೂರ್ವಿ-ದೀ, ತಪ್ಪು ನನ್ನ ಅಣುವಿನದ್ದೇ ಇರಬೇಕು, ನನ್ನ ಲೆಕ್ಕಾಚಾರವೇ ಮೊದಲಿನಿಂದ ತಪ್ಪು — ಇಲ್ಲ, ಅವಳ ದನಿ ಎಲ್ಲೋ ತಳಕ್ಕಿಳಿದಿದೆ, ಗುಹ ಸರ್ ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದ್ದಾರೆ, ನನ್ನ ಕುಡಿಕೆಯಲ್ಲಿ ಕೊನೆಯ ಗುಳ್ಳೆ, ಅದೂ ಒಡೆಯಿತು, ಚಹಾ ತಿಳಿಯಾಗಿ ನಿಂತಿದೆ, ಏನೂ ಆಗಿಯೇ ಇಲ್ಲ ಎಂಬ ಹಾಗೆ, ಆದರೆ ಕಣ್ಣೊಳಗೆ ಆ ಕೊಳವೆ, ಬೆಳಕಿಗೆ ಹಿಡಿದದ್ದು, ಕತ್ತಿನವರೆಗೂ ನೊರೆ, ಕತ್ತಿನವರೆಗೂ, ನನ್ನ ಕತ್ತಿನವರೆಗೂ — ಕುರ್ಚಿ ಕಿರುಗುಟ್ಟಿತು, ಎದ್ದವಳು ನಾನೇ ಇರಬೇಕು, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ಪೂರ್ವಿ-ದೀ, ಅಣು ತಪ್ಪಲ್ಲ, ಪ್ರೋಟೀನನ್ನು ನಾನು ಅಲ್ಲಾಡಿಸಿದ್ದೆ, ನೊರೆ ಬಂದಿತ್ತು.